ಚೀಟಿ ಎಲ್ಲಿ, ತಮ್ಮಾ?

ಮಕ್ಕಳಾಗಿಲ್ಲ ಅಂತ ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಬರುವ ಜೋಡಿಗಳಲ್ಲಿ ಫೈಲ್ ಯಾವಾಗಲೂ ಹೆಂಡತಿಯ ಕೈಯಲ್ಲಿರುತ್ತದೆ. ದಪ್ಪ ಪ್ಲಾಸ್ಟಿಕ್ ಕವರ್. ಅದರೊಳಗೆ ಸ್ಕ್ಯಾನಿಂಗ್, ಥೈರಾಯ್ಡ್ ರಿಪೋರ್ಟ್, ಸೊಲ್ಲಾಪುರದಲ್ಲಿ ತೋರಿಸಿದ ಚೀಟಿ, ಹೈದರಾಬಾದಿನಲ್ಲಿ ತೋರಿಸಿದ ಚೀಟಿ. ಗಂಡನ ಹೆಸರಿನ ಕಾಗದ ಒಂದೂ ಇರುವುದಿಲ್ಲ.

ಹೋದ ವರ್ಷ ಸೇಡಂ ಕಡೆಯಿಂದ ಹೀಗೇ ಒಂದು ಜೋಡಿ ಬಂತು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಹೇಳುತ್ತಿದ್ದೇನೆ. ಹುಡುಗನಿಗೆ 29. ಅಂಗಿಯ ತೋಳು ಬಿಗಿದು ಹರಿಯುವಂಥ ಮೈಕಟ್ಟು. ಜೊತೆಗೆ ಬಂದ ಅವನ ತಾಯಿ ಶುರು ಮಾಡಿದರು: "ಸರ, ಈಕಿಗಿ ಏನ್ ತೊಂದ್ರಿ ಅದ ನೋಡ್ರಿ. ಮದಿವಿ ಆಗಿ ಮೂರ್ ವರ್ಷ ಆಯ್ತು." ಸೊಸೆ ತಲೆ ತಗ್ಗಿಸಿ ಕೂತಿದ್ದಳು. ನಾನು ಹುಡುಗನ ವೀರ್ಯ ಪರೀಕ್ಷೆಗೆ ಬರೆದೆ. ಎರಡು ಸಲ ಮಾಡಿಸಿದೆವು. ಎರಡರಲ್ಲೂ ವೀರ್ಯಾಣು ಸೊನ್ನೆ.

ಅವನೊಬ್ಬನನ್ನೇ ಒಳಗೆ ಕೂರಿಸಿ ಕೇಳಿದೆ, "ತಮ್ಮಾ, ಜಿಮ್‌ನಾಗ ಇಂಜೆಕ್ಷನ್ ತಗೊಂಡೀಯೇನು?"

"ವಾರಕ್ಕೊಂದು ತಗೋತಿದ್ದೆ ಸರ. ಅದು ಗಂಡಸರ ಹಾರ್ಮೋನೇ ಅಂದ್ರು. ಅದರಿಂದ ಹಿಂಗ್ ಹೆಂಗ ಆಗ್ತದ?"

"ಚೀಟಿ ಎಲ್ಲಿ?"

"ಚೀಟಿ ಇಲ್ರಿ. ಟ್ರೇನರ್ ತಂದು ಕೊಡ್ತಿದ್ದ."

ಅವನ ಪ್ರಶ್ನೆ ಸರಿಯಾದದ್ದೇ. ಗಂಡಸಿನ ಹಾರ್ಮೋನ್ ಜಾಸ್ತಿ ಆದರೆ ಗಂಡಸ್ತನವೂ ಜಾಸ್ತಿ ಆಗಬೇಕಲ್ವಾ? ನಾನು ಅವನಿಗೆ ಮನೆ ಮೇಲಿನ ನೀರಿನ ಟ್ಯಾಂಕಿನ ಲೆಕ್ಕ ಹೇಳಿದೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿ ಮೇಲಿನ ಟ್ಯಾಂಕ್ ತುಂಬಿಸಿದರೆ ಬಾಲ್ ವಾಲ್ವ್ ಮೇಲೇಳುತ್ತದೆ, ನಲ್ಲಿಯ ನೀರು ನಿಲ್ಲುತ್ತದೆ. ಮೈಯಲ್ಲೂ ಹಾಗೇ. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಅನ್ನುವ ಈ ಗಂಡಸರ ಹಾರ್ಮೋನ್ ಎಷ್ಟಿದೆ ಅಂತ ಸದಾ ನೋಡುತ್ತಿರುತ್ತದೆ. ಹೊರಗಿನಿಂದ ಸೂಜಿಯಲ್ಲಿ ಬಂದು ತುಂಬಿದರೆ, ಸಾಕಪ್ಪಾ ಅಂತ ವೃಷಣಗಳಿಗೆ ಹೋಗುವ ಸೂಚನೆಯನ್ನು ನಿಲ್ಲಿಸಿಬಿಡುತ್ತದೆ. ವೃಷಣಗಳು ಕೆಲಸ ಬಿಟ್ಟು ಸಣ್ಣದಾಗುತ್ತವೆ. ವೀರ್ಯಾಣು ತಯಾರಾಗಬೇಕಾದರೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟೆರಾನ್ ವೃಷಣದ ಒಳಗೇ ಇರಬೇಕು. ಅದೇ ಬತ್ತಿಹೋಗುತ್ತದೆ. ತೋಳು ದಪ್ಪ, ವೀರ್ಯಾಣು ಸೊನ್ನೆ.

ಇದು ಹೊಸ ವಿಷಯವೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಈ ಹಾರ್ಮೋನನ್ನು ಗಂಡಸರ ಗರ್ಭನಿರೋಧಕವಾಗಿ ಪ್ರಯೋಗ ಮಾಡಿ ನೋಡಿತ್ತು. ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಎನಾಂಥೇಟ್. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಬಹಳಷ್ಟು ಗಂಡಸರಲ್ಲಿ ವೀರ್ಯಾಣು ಪೂರ್ತಿ ಇಲ್ಲವಾಗಿತ್ತು. ಅಂದರೆ ನಮ್ಮ ಹುಡುಗ ಒಂದು ಕಡೆ ಮಕ್ಕಳಿಗಾಗಿ ದೇವರಿಗೆ ಹರಕೆ ಹೊತ್ತು, ಇನ್ನೊಂದು ಕಡೆ ವಾರ ವಾರ ಗರ್ಭನಿರೋಧಕ ಚುಚ್ಚಿಸಿಕೊಳ್ಳುತ್ತಿದ್ದ.

ಹಾಗಂತ ಇದು ಕೆಟ್ಟ ಔಷಧ ಅಲ್ಲ. ಹುಟ್ಟಿನಿಂದಲೇ ವೃಷಣದ ತೊಂದರೆ ಇರುವವರಿಗೆ, ಪಿಟ್ಯುಟರಿಯಲ್ಲಿ ಗಡ್ಡೆ ಆದವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ವೃಷಣ ಕಳೆದುಕೊಂಡವರಿಗೆ ಇದು ಬೇಕೇ ಬೇಕು. ಹದಿನೆಂಟಾದರೂ ಮೀಸೆ ಮೂಡದ ಹುಡುಗನಿಗೆ ಇದೇ ಔಷಧ ಕೊಟ್ಟು, ವರ್ಷದ ನಂತರ ಅವನು ದನಿ ಒಡೆದು ಮಾತಾಡುವುದನ್ನು ಕೇಳಿದ್ದೇನೆ. ಆ ಖುಷಿಯೇ ಬೇರೆ. ತೊಂದರೆ ಇರುವುದು ಸುಸ್ತು ಅಂದವರಿಗೆಲ್ಲ, ಐವತ್ತು ದಾಟಿದವರಿಗೆಲ್ಲ ಕೊಡುವುದರಲ್ಲಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ, ಎರಡು ಸಲ ರಕ್ತ ನೋಡಬೇಕು. ಮಧ್ಯಾಹ್ನದ ಹೊತ್ತಿಗೆ ಈ ಹಾರ್ಮೋನ್ ತಾನಾಗಿಯೇ ಇಳಿದಿರುತ್ತದೆ. ಜ್ವರ ಬಂದು ಹೋದಾಗ, ನಿದ್ದೆಗೆಟ್ಟಾಗ, ಬೊಜ್ಜು ಮತ್ತು ಶುಗರ್ ಇದ್ದಾಗಲೂ ಕಡಿಮೆ ಕಾಣುತ್ತದೆ.

ಇಷ್ಟು ಗೊತ್ತಿದ್ದೂ ನಾನೇ ಒಮ್ಮೆ ಎಡವಿದ್ದೇನೆ. ಕೆಲವು ವರ್ಷದ ಹಿಂದೆ ಐವತ್ತೆಂಟರ ಒಬ್ಬರಿಗೆ ಮಧ್ಯಾಹ್ನದ ಒಂದೇ ರಿಪೋರ್ಟ್ ನೋಡಿ ಇಂಜೆಕ್ಷನ್ ಬರೆದೆ. ಅವರು ಒತ್ತಾಯ ಮಾಡಿದರು, ನನಗೂ ಅವಸರ. ಮೂರು ತಿಂಗಳಿಗೆ ಬನ್ನಿ ಅಂದಿದ್ದೆ, ಅವರು ಬಂದದ್ದು ಮೇ ತಿಂಗಳಲ್ಲಿ, ಎಂಟು ತಿಂಗಳಾದ ಮೇಲೆ. ಮುಖ ಕೆಂಪಗೆ, ತಲೆನೋವು. ಹಿಮೋಗ್ಲೋಬಿನ್ 18 ದಾಟಿತ್ತು, ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ನೂರಕ್ಕೆ 56. ಅವರಿಗೋ ಹಿಗ್ಗು. "ಸರ, ರಕ್ತ ಬಾಳ ಚಲೋ ಆಗ್ಯಾದ!" ನಮ್ಮ ಕಡೆ ರಕ್ತ ಕಡಿಮೆ ಅನ್ನೋದು ಮನೆಮನೆಯ ಮಾತು. ರಕ್ತ ಜಾಸ್ತಿಯಾದರೂ ಅಪಾಯ ಅಂತ ಹೇಳಿದರೆ ಯಾರೂ ನಂಬುವುದಿಲ್ಲ.

ಈ ಹಾರ್ಮೋನ್ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ರಕ್ತ ಮಂದವಾಗುತ್ತದೆ. ಪಿಸಿವಿ 54 ದಾಟಿದರೆ ಔಷಧ ನಿಲ್ಲಿಸಬೇಕು ಅನ್ನುವುದು ಎಲ್ಲರೂ ಒಪ್ಪಿದ ನಿಯಮ. ಅದರ ಮೇಲೆ ನಮ್ಮ ಬಿಸಿಲು. 42 ಡಿಗ್ರಿಯಲ್ಲಿ ಹೊಲದಲ್ಲೋ ಬೈಕ್ ಮೇಲೋ ತಿರುಗಿ ಬೆವರು ಹರಿಸಿದರೆ ನೀರಿನಂಶ ಇಳಿದು ರಕ್ತ ಇನ್ನೂ ಗಟ್ಟಿಯಾಗುತ್ತದೆ. ಔಷಧ ನಿಲ್ಲಿಸಿದೆವು, ರಕ್ತ ತೆಗೆಸಿದೆವು, ಅವರು ಸುಧಾರಿಸಿದರು. ಅದಾದ ಮೇಲೆ ಬೆಳಗಿನ ಎರಡು ರಿಪೋರ್ಟ್ ಇಲ್ಲದೆ ನಾನು ಪೆನ್ನು ಎತ್ತುವುದಿಲ್ಲ. ನಲವತ್ತು ದಾಟಿದವರಿಗೆ ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಗಾಗಿ ಪಿಎಸ್‌ಎ ಅನ್ನುವ ರಕ್ತಪರೀಕ್ಷೆಯೂ ಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರಿಗೆ, ಆರು ತಿಂಗಳೊಳಗೆ ಹಾರ್ಟ್ ಅಟ್ಯಾಕ್ ಅಥವಾ ಪಾರ್ಶ್ವವಾಯು ಆದವರಿಗೆ, ಸದ್ಯದಲ್ಲಿ ಮಕ್ಕಳು ಬೇಕು ಅನ್ನುವವರಿಗೆ ಇದು ಸಲ್ಲದು.

ಹೃದಯದ ವಿಷಯಕ್ಕೆ ಬಂದರೆ ಅಮೆರಿಕದ ಕಥೆ ಹೇಳಬೇಕು. ಅಲ್ಲಿ ಟಿವಿಯಲ್ಲಿ "ಲೋ ಟಿ", ಅಂದರೆ ಟೆಸ್ಟೋಸ್ಟೆರಾನ್ ಕಡಿಮೆ, ಅಂತ ಜಾಹೀರಾತು ಬರುತ್ತಿತ್ತು. ಸುಸ್ತಾ? ಉತ್ಸಾಹ ಇಲ್ವಾ? ಡಾಕ್ಟರನ್ನು ಕೇಳಿ ಅಂತ. ಮೈಗೆ ಹಚ್ಚುವ ಜೆಲ್ ಭರ್ಜರಿ ಮಾರಾಟ ಆಯಿತು. ಆಮೇಲೆ ಹಾರ್ಟ್ ಅಟ್ಯಾಕ್, ರಕ್ತ ಹೆಪ್ಪುಗಟ್ಟಿದ ದೂರುಗಳು ಬಂದವು. 2014ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನಿಖೆಗೆ ಇಳಿಯಿತು. 2015ರಲ್ಲಿ, ಬರೀ ವಯಸ್ಸಾಯಿತೆಂದು ಕೊಡುವುದಕ್ಕೆ ಈ ಔಷಧಕ್ಕೆ ಅನುಮತಿ ಇಲ್ಲ ಅಂತ ಲೇಬಲ್ ಮೇಲೆ ಬರೆಸಿತು. ಅಷ್ಟರಲ್ಲಿ ಸಾವಿರಾರು ಕೇಸುಗಳು ಶಿಕಾಗೋದ ಫೆಡರಲ್ ಕೋರ್ಟಿನಲ್ಲಿ ಒಟ್ಟು ಸೇರಿದ್ದವು.

2017ರಲ್ಲಿ ಒಂದು ಕೇಸಿನಲ್ಲಿ ಜ್ಯೂರಿ ಇಂಥ ಜೆಲ್ ಮಾರುತ್ತಿದ್ದ ಆಬ್‌ವೀ ಕಂಪನಿಗೆ 15 ಕೋಟಿ ಡಾಲರ್ ದಂಡ ಹಾಕಿತು. ಸ್ವಾರಸ್ಯ ಏನೆಂದರೆ, ಕಂಪನಿ ದಾರಿ ತಪ್ಪಿಸಿದೆ ಅಂದ ಜ್ಯೂರಿ, ಕೇಸು ಹಾಕಿದ ಮನುಷ್ಯನ ನಷ್ಟಕ್ಕೆ ಪರಿಹಾರ ಅಂತ ಒಂದು ಡಾಲರೂ ಕೊಡಲಿಲ್ಲ. ಜಡ್ಜ್ ಆ ತೀರ್ಪನ್ನು ತಳ್ಳಿಹಾಕಿ ಮರು ವಿಚಾರಣೆಗೆ ಹೇಳಿದರು. 2018ರಲ್ಲಿ ಎರಡನೇ ಜ್ಯೂರಿ ಕೊಟ್ಟದ್ದು ಸುಮಾರು 32 ಲಕ್ಷ ಡಾಲರ್.

ವಿಜ್ಞಾನ ಬೇರೆಯೇ ದಾರಿ ಹಿಡಿಯಿತು. ಟ್ರಾವರ್ಸ್ ಅನ್ನುವ ದೊಡ್ಡ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. 45ರಿಂದ 80 ವಯಸ್ಸಿನ 5,200ಕ್ಕೂ ಹೆಚ್ಚು ಗಂಡಸರು. ಎಲ್ಲರಿಗೂ ಹಾರ್ಮೋನ್ ನಿಜಕ್ಕೂ ಕಡಿಮೆ, ಜೊತೆಗೆ ಹೃದ್ರೋಗ ಅಥವಾ ಅದರ ಅಪಾಯ. ಜೆಲ್ ಹಚ್ಚಿದವರಲ್ಲಿ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಹೆಚ್ಚಾಗಲಿಲ್ಲ. ಆದರೆ ಹೃದಯ ಬಡಿತ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಕಿಡ್ನಿ ತೊಂದರೆ ಸ್ವಲ್ಪ ಹೆಚ್ಚಾದವು. ಇದನ್ನು ಓದಿ ಜಿಮ್ ಹುಡುಗರು "ನೋಡ್ರಿ, ಹಾರ್ಟಿಗೆ ಏನೂ ಆಗಲ್ಲ" ಅನ್ನುತ್ತಾರೆ. ಅಲ್ಲಪ್ಪಾ, ಅದು ರಕ್ತ ನೋಡಿ ನೋಡಿ ಅಳೆದು ಹಚ್ಚಿದ ಜೆಲ್. ನಿಮ್ಮದು ಸೀಸೆ ತುಂಬ ಸೂಜಿ.

ಹುಡುಗ ಕೇಳಿದ, "ಅಲ್ಲಿ ರೊಕ್ಕ ಸಿಕ್ತು ಅಂದ್ರಿ. ನನಗ ಸಿಗ್ತದೇನ್ರಿ?" ನಾನು ವಕೀಲ ಗೆಳೆಯರೊಬ್ಬರನ್ನು ಕೇಳಿದೆ. ಅವರ ಬಾಯಿಂದಲೂ ಮೊದಲು ಬಂದದ್ದು, "ಚೀಟಿ ಅದ ಏನ್ರಿ?"

ಕಾನೂನು ಇಲ್ಲ ಅಂತಲ್ಲ. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಾಲಿನಿಂದ ಆದ ಹಾನಿಗೆ ತಯಾರಕ, ಮಾರಾಟಗಾರ ಇಬ್ಬರನ್ನೂ ಕೇಳಬಹುದು. ದೂರು ಕೊಡಲು ಎರಡು ವರ್ಷ ಸಮಯ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಫೀಸೂ ಇಲ್ಲ, ವಕೀಲರೂ ಕಡ್ಡಾಯ ಅಲ್ಲ.

ಆದರೆ ಅದೇ ಕಾಯ್ದೆಯ 87ನೇ ಸೆಕ್ಷನ್ ಓದಬೇಕು. ಮಾಲನ್ನು ದುರುಪಯೋಗ ಮಾಡಿಕೊಂಡರೆ ಮಾರಿದವನ ಮೇಲೆ ಕೇಸು ನಿಲ್ಲುವುದಿಲ್ಲ. ತಜ್ಞರ ಮೇಲ್ವಿಚಾರಣೆಯಲ್ಲೇ ಬಳಸಬೇಕಾದ ವಸ್ತುವಾಗಿದ್ದು, ತಜ್ಞರಿಗೆ ಸರಿಯಾಗಿ ಎಚ್ಚರಿಕೆ ಕೊಟ್ಟಿದ್ದರೆ, ಎಚ್ಚರಿಸಲಿಲ್ಲ ಅಂತ ತಯಾರಕನನ್ನು ಹಿಡಿಯಲಾಗದು. ಟೆಸ್ಟೋಸ್ಟೆರಾನ್ ಶೆಡ್ಯೂಲ್ ಎಚ್ ಔಷಧ. ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಹಾಗಾಗಿ ಚೀಟಿ ಇದ್ದರೆ ಹೊಣೆ ಬರೆದ ನನ್ನ ಮೇಲೆ. ಚೀಟಿ ಇಲ್ಲದಿದ್ದರೆ ಹೆಚ್ಚುಕಡಿಮೆ ಚುಚ್ಚಿಕೊಂಡವನ ಮೇಲೆಯೇ.

ಹುಡುಗನ ಫೋನಿನಲ್ಲಿ ಟ್ರೇನರ್‌ಗೆ ದುಡ್ಡು ಕಳಿಸಿದ ದಾಖಲೆ ಇತ್ತು. ತಿಂಗಳು ತಿಂಗಳೂ. ಎದುರಿಗೆ ಬರೆದದ್ದು ಏನು ಗೊತ್ತಾ? ಪ್ರೊಟೀನ್. ವಕೀಲರು ನಕ್ಕುಬಿಟ್ಟರು. ಖಾಲಿ ಸೀಸೆ, ಅದರ ಮೇಲಿನ ಬ್ಯಾಚ್ ನಂಬರ್, ಯಾವುದೂ ಇರಲಿಲ್ಲ. ಅದು ಅಸಲಿ ಔಷಧವೋ ನಕಲಿಯೋ ಅನ್ನುವುದೂ ಈಗ ಯಾರಿಗೂ ಗೊತ್ತಾಗುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಈ ಚಿಕಿತ್ಸೆಯಲ್ಲಿದ್ದರೆ ಅಂಗಡಿಯ ಬಿಲ್ಲು, ಇಂಜೆಕ್ಷನ್ ಡಬ್ಬಿ ಎಸೆಯಬೇಡಿ. ಆಸ್ಪತ್ರೆಯಲ್ಲಿ ನಿಮ್ಮ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅನ್ನುವುದು ವೈದ್ಯರಿಗಿರುವ ನಿಯಮ, ಸಂಕೋಚ ಬೇಡ. ಔಷಧದಿಂದ ತೊಂದರೆ ಆದರೆ ಸರ್ಕಾರದ ಸಹಾಯವಾಣಿ 1800-180-3024ಕ್ಕೆ ನೀವೇ ಫೋನ್ ಮಾಡಿ ತಿಳಿಸಬಹುದು. ಅದರಿಂದ ಪರಿಹಾರ ಸಿಗದು, ದೇಶದ ಲೆಕ್ಕಕ್ಕೆ ಸೇರುತ್ತದೆ. ಇನ್ನು ಗೋಡೆ ಮೇಲೆ ಗಂಡಸ್ತನದ ಔಷಧ ಅಂತ ಬರೆಸುವುದು 1954ರ ಕಾಯ್ದೆಯಲ್ಲೇ ಅಪರಾಧ. ಬಸ್ಸಿನಲ್ಲಿ ಹೋಗುತ್ತಾ ಎಷ್ಟು ಗೋಡೆ ಕಂಡವು ಅಂತ ಎಣಿಸಿ ನೋಡಿ, ಟೈಂಪಾಸ್ ಆಗುತ್ತದೆ.

ಹುಡುಗ ಇಂಜೆಕ್ಷನ್ ಬಿಟ್ಟ. ಮೊದಲ ಮೂರು ತಿಂಗಳು ಕಷ್ಟ. ಹೊರಗಿನದು ನಿಂತಿದೆ, ಒಳಗಿನದು ಶುರುವಾಗಿಲ್ಲ. ಸುಸ್ತು, ಸಿಡುಕು, ತೋಳು ಇಳಿಯಿತು ಅಂತ ಬೇಜಾರು. ತಾಯಿಗೆ ವಿಷಯ ತಾನೇ ಹೇಳಿದನಂತೆ, ಅದಕ್ಕೆ ಅವನನ್ನು ಮೆಚ್ಚಬೇಕು. ಆರನೇ ತಿಂಗಳಿಗೆ ವೀರ್ಯಾಣು ಅಲ್ಲೊಂದು ಇಲ್ಲೊಂದು ಕಂಡವು. ಹನ್ನೊಂದನೇ ತಿಂಗಳಿಗೆ ಮಿಲಿಲೀಟರಿಗೆ 90 ಲಕ್ಷ. ಸಾಮಾನ್ಯ ಅನ್ನಲು 160 ಲಕ್ಷವಾದರೂ ಇರಬೇಕು. ಕೆಲವರಿಗೆ ಒಂದೂವರೆ ಎರಡು ವರ್ಷ ಹಿಡಿಯುತ್ತದೆ, ಕೆಲವರಿಗೆ ಪೂರ್ತಿ ಬರುವುದೇ ಇಲ್ಲ. ಅದನ್ನೂ ಅವನಿಗೆ ಹೇಳಿದ್ದೇನೆ.

ಆ ರಿಪೋರ್ಟನ್ನು ಅವನು ಮಡಚಿ ಅಂಗಿ ಜೇಬಿಗೆ ಇಳಿಸಲು ಹೊರಟ. ಹೆಂಡತಿ ಕೈ ಚಾಚಿ ತೆಗೆದುಕೊಂಡು ಮಡಿಕೆ ಬಿಡಿಸಿ ತನ್ನ ಕವರಿಗೆ ಸೇರಿಸಿದಳು. ಮುಂದಿನ ಪರೀಕ್ಷೆ ದೀಪಾವಳಿ ಮುಗಿದ ಮೇಲೆ.