ವಾಕಿಂಗ್ ಹೆಸರಲ್ಲಿ ನಿದ್ದೆಗೆ ಕತ್ತರಿ

ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೋ ಉಣಕಲ್ ಕೆರೆಗೋ ನಸುಕಿನಲ್ಲಿ ಹೋಗಿ ನೋಡಿ. ಕತ್ತಲು ಹರಿಯುವ ಮೊದಲೇ ಜನ ನಡೆಯುತ್ತಿರುತ್ತಾರೆ. ಒಳ್ಳೆಯದೇ. ಅವರಲ್ಲಿ ಕೆಲವರು ಆಮೇಲೆ ನನ್ನ ಕ್ಲಿನಿಕ್ಕಿಗೂ ಬರುತ್ತಾರೆ. “ದಿನಾ ವಾಕಿಂಗ್ ಮಾಡ್ತೀನ್ರೀ ಸರ್, ಆದ್ರೂ ಬಿಪಿ ಇಳೀವಲ್ದು” ಎನ್ನುತ್ತಾರೆ.

ರಾತ್ರಿ ಎಷ್ಟಕ್ಕೆ ಮಲಗುತ್ತೀರಿ ಎಂದು ಕೇಳುತ್ತೇನೆ. ದುರ್ಗದಬೈಲ್ ಕಡೆ ಅಂಗಡಿ ಇಟ್ಟವರದು ಹೆಚ್ಚುಕಮ್ಮಿ ಒಂದೇ ಉತ್ತರ. ಬಾಗಿಲು ಹಾಕಿ, ಲೆಕ್ಕ ಮುಗಿಸಿ, ಊಟ ಮಾಡಿ, ಒಂದಷ್ಟು ಮೊಬೈಲ್ ನೋಡುವಷ್ಟರಲ್ಲಿ ಹನ್ನೆರಡು. ನಾಲ್ಕೂವರೆಗೆ ಅಲಾರಂ. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಇವರಿಗೆ ಸಿಗುವುದು ನಾಲ್ಕೂವರೆ ಗಂಟೆ. ಅದನ್ನೂ ಹೆಮ್ಮೆಯಿಂದ ಹೇಳುತ್ತಾರೆ, ಅದೇ ನನಗೆ ತಲೆಬಿಸಿ.

ನಿದ್ದೆಯಲ್ಲಿ ರಕ್ತದೊತ್ತಡ ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ಇಳಿಯುತ್ತದೆ. ರಕ್ತನಾಳಗಳಿಗೆ ಆಗಲೇ ಬಿಡುವು. ನಿದ್ದೆ ಕಡಿಮೆಯಾದರೆ ಆ ಬಿಡುವೂ ಕಡಿಮೆ. ಇನ್ಸುಲಿನ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಸಿವು ಜಾಸ್ತಿಯಾಗುತ್ತದೆ, ಅದರಲ್ಲೂ ಕರಿದದ್ದು, ಸಿಹಿ ಬೇಕೆನಿಸುತ್ತದೆ. ಸಂಜೆ ಗಿರ್ಮಿಟ್-ಮಿರ್ಚಿ ಅಂಗಡಿ ಮುಂದೆ ಕಾಲು ತಾನಾಗಿ ನಿಲ್ಲುವುದು ಬರೀ ಬಾಯಿಚಪಲ ಅಲ್ಲ.

ಹಾಗಂತ ನಡಿಗೆ ಬಿಡಬೇಕಿಲ್ಲ. ತಡವಾಗಿ ಮಲಗುವವರು ತಡವಾಗಿ ಏಳಲಿ. ಸಂಜೆ ನಡೆದರೂ ನಡಿಗೆಯೇ ಅಲ್ವಾ? ಊಟ ಆದಮೇಲೆ ಹತ್ತು-ಹದಿನೈದು ನಿಮಿಷ ಓಣಿಯಲ್ಲೇ ಅಡ್ಡಾಡಿದರೆ ಏರುವ ಶುಗರ್‌ಗೂ ಸ್ವಲ್ಪ ಕಡಿವಾಣ ಬೀಳುತ್ತದೆ.

ಜೋಳದ ರೊಟ್ಟಿಯದೂ ಒಂದು ಮಾತು. ಅದರಲ್ಲಿ ನಾರು ಇದೆ, ನಿಜ. ಆದರೆ ಅದೂ ಪಿಷ್ಟವೇ. ಶುಗರ್ ಇದ್ದವರು “ರೊಟ್ಟಿ ತಾನೇ” ಎಂದು ಎಣಿಸದೆ ತಿಂದರೆ ಶುಗರ್ ಏರಿಯೇ ಏರುತ್ತದೆ.

ಇದಕ್ಕಿಂತ ಹೆಚ್ಚು ಹೆದರಿಸುವುದು ಶ್ರಾವಣ ಸೋಮವಾರದ ಉಪವಾಸ. ಗ್ಲಿಮೆಪಿರೈಡ್‌ನಂಥ ಶುಗರ್ ಇಳಿಸುವ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಒಮ್ಮೆಲೇ ಕುಸಿಯಬಹುದು. ಬೆವರು, ಕೈನಡುಕ, ಮಂಕು ಕವಿಯುತ್ತದೆ. ದೇವರ ಕೆಲಸ ಎಂದು ಸುಮ್ನೆ ತಡೆದುಕೊಂಡು ಕೂರಬೇಡಿ, ತಕ್ಷಣ ಮೂರು-ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಯಿರಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಸಂಜೆ ಸಾಬೂದಾಣಿ ಖಿಚಡಿ ತಿಂದು ಉಪವಾಸ ಬಿಟ್ಟರೆ ಇನ್ನೊಂದು ತೊಂದರೆ. ಅದು ಬಹುತೇಕ ಬರೀ ಪಿಷ್ಟ, ಶುಗರ್ ಜಿಗಿಯುತ್ತದೆ. ಉಪವಾಸ ಮಾಡಲೇಬೇಕು ಅನ್ನಿಸಿದರೆ ಶ್ರಾವಣ ಹಿಡಿಯುವ ಮೊದಲೇ ಮಾತ್ರೆ ಚೀಟಿ ತಂದು ನಿಮ್ಮ ಡಾಕ್ಟರಿಗೆ ತೋರಿಸಿ.