ಫ್ಯೂಶನ್ ಪ್ರೋಟೀನ್: ಬೆಸೆದದ್ದೋ, ಬೆಸೆಯುವುದೋ?

ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ ಕೈಗೆ ಒಂದು ಚೀಟಿ ಕೊಟ್ಟು ಹೋದರು. ಪ್ರೋಟೀನ್ ಪುಡಿಯ ಜಾಹೀರಾತು. 'ಮೈಟೊಕಾಂಡ್ರಿಯದ ಫ್ಯೂಶನ್ ಪ್ರೋಟೀನ್ ಹೆಚ್ಚಿಸಿ, ಸುಸ್ತು ಓಡಿಸಿ' ಎಂದಿತ್ತು. (ಮೈಟೊಕಾಂಡ್ರಿಯ ಎಂದರೆ ಜೀವಕೋಶದ ಒಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗ.) ಅದಕ್ಕೂ ಮೊದಲು ಒಂದು ಆರೋಗ್ಯ ಅಂಕಣದಲ್ಲಿ ಇದೇ ಪದಕ್ಕೆ 'ಎರಡು ಪ್ರೋಟೀನ್ ಕೂಡಿಸಿ ಮಾಡಿದ್ದು' ಎಂದು ಅರ್ಥ ಕೊಟ್ಟಿದ್ದರು. ಎರಡೂ ತಪ್ಪು. ಇನ್ನು ಸುಮ್ನೆ ಇರಲು ಮನಸ್ಸಾಗಲಿಲ್ಲ.

ಅಂಕಣದವರ ತಪ್ಪಿಗೆ ಕಾರಣ ಉಂಟು. ಇಂಗ್ಲಿಷಿನಲ್ಲಿ 'ಫ್ಯೂಶನ್ ಪ್ರೋಟೀನ್' ಎಂಬ ಒಂದೇ ಹೆಸರು ಎರಡು ಬೇರೆ ವಸ್ತುಗಳಿಗೆ ಓಡಾಡುತ್ತದೆ. ಒಂದು, ಎರಡು ಜೀನ್‌ಗಳು ಅಂಟಿಕೊಂಡು ಹುಟ್ಟಿದ ಜೋಡಿ ಪ್ರೋಟೀನ್. ರಕ್ತದ ಕ್ಯಾನ್ಸರಿನ ಒಂದು ಬಗೆಯಲ್ಲಿ 9ನೇ ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನ್ ಹುಟ್ಟುತ್ತದೆ, ಅದು ಈ ಜಾತಿಯದು. ಇನ್ನೊಂದು, ತಾನು ಯಾವುದಕ್ಕೂ ಅಂಟಿ ಹುಟ್ಟದೆ, ಬೇರೆ ಎರಡನ್ನು ಒಂದು ಮಾಡುವ ಪ್ರೋಟೀನ್. ಮೈಟೊಕಾಂಡ್ರಿಯದ ಮಾತು ಬಂದಾಗ ಹೇಳುವುದು ಈ ಎರಡನೆಯದನ್ನು.

ಕನ್ನಡದಲ್ಲಿ ಈ ಗೊಂದಲಕ್ಕೆ ಜಾಗವೇ ಇಲ್ಲ. ಮೊದಲನೆಯದು ಬೆಸೆದ ಪ್ರೋಟೀನ್, ಎರಡನೆಯದು ಬೆಸೆಯುವ ಪ್ರೋಟೀನ್. ಹೊಲಿದ ಅಂಗಿಯನ್ನೂ ಹೊಲಿಯುವ ಮಿಷನ್ನನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತೇವಾ? ಇಲ್ಲ ಅಲ್ವಾ. ಕೈಯಲ್ಲಿ ಇಷ್ಟು ಒಳ್ಳೆಯ ಸಲಕರಣೆ ಇಟ್ಟುಕೊಂಡು 'ಸಮ್ಮಿಳನ ಪ್ರೋಟೀನು' ಎಂದು ಬರೆಯುವವರನ್ನು ಕಂಡರೆ ಬೇಸರವಾಗುತ್ತದೆ. ಅದರಲ್ಲಿ ಇಂಗ್ಲಿಷಿನ ಗೊಂದಲ ಹಾಗೇ ಉಳಿಯುತ್ತದೆ.

ಬೆಸೆಯುವುದು ಎಂದರೆ ಇಲ್ಲಿ ಅಂಟಿ ನಿಲ್ಲುವುದಲ್ಲ. ಮಳೆಗಾಲದಲ್ಲಿ ಮಲ್ಪೆಯ ದಕ್ಕೆಯಲ್ಲಿ ಬೋಟುಗಳನ್ನು ಹಗ್ಗದಿಂದ ಒಂದಕ್ಕೊಂದು ಕಟ್ಟಿರುತ್ತಾರೆ. ಅವು ಎಷ್ಟು ಒತ್ತಾಗಿ ನಿಂತರೂ ಒಂದರ ಮೀನು ಇನ್ನೊಂದರ ಒಳಗೆ ಹೋಗುವುದಿಲ್ಲ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಸೇರುವುದು ಬೇರೆ. ಅಲ್ಲಿಂದ ಮುಂದೆ ಯಾವ ನೀರು ಯಾವುದರದು ಎಂದು ಹೇಳಲು ಬರುವುದಿಲ್ಲ. ಮೈಟೊಕಾಂಡ್ರಿಯಗಳು ಬೆರೆಯುವುದು ಈ ನದಿಗಳ ಹಾಗೆ.

ಮೈಟೊಕಾಂಡ್ರಿಯ ಎಂಬ ಹೆಸರಿನಲ್ಲೇ ಇದೆಲ್ಲ ಅಡಗಿದೆ ಎನ್ನುವುದು ನನಗೆ ತುಂಬ ಇಷ್ಟದ ವಿಷಯ. 1898ರಲ್ಲಿ ಜರ್ಮನಿಯ ಕಾರ್ಲ್ ಬೆಂಡಾ ಈ ಹೆಸರು ಕೊಟ್ಟರು. ಗ್ರೀಕಿನಲ್ಲಿ 'ಮಿಟೋಸ್' ಎಂದರೆ ನೂಲು, 'ಕಾಂಡ್ರಿಯಾನ್' ಎಂದರೆ ಸಣ್ಣ ಕಾಳು. ನೂಲು ಮತ್ತು ಕಾಳು. ಬೆಸೆದುಕೊಂಡಾಗ ನೂಲಿನಂತೆ ಉದ್ದ, ತುಂಡಾದಾಗ ಕಾಳಿನಂತೆ ಗಿಡ್ಡ. ಜೀವಕೋಶದಲ್ಲಿ ಈ ಸೇರುವುದು, ತುಂಡಾಗುವುದು ನಿಲ್ಲದೆ ನಡೆಯುತ್ತಿರುತ್ತದೆ. ಶಾಲೆಯ ಪುಸ್ತಕದಲ್ಲಿ ನಾವು ಬಿಡಿಸಿದ್ದು ಕಾಳು ಮಾತ್ರ. ನೂಲನ್ನು ಯಾರೂ ತೋರಿಸಲಿಲ್ಲ.

ಮೈಟೊಕಾಂಡ್ರಿಯಕ್ಕೆ ಹೊರಗೊಂದು ಪೊರೆ, ಒಳಗೊಂದು ಪೊರೆ. ಹೊರಪೊರೆಗಳನ್ನು ಬೆಸೆಯುವುದು ಮೈಟೊಫ್ಯೂಸಿನ್ 1 ಮತ್ತು 2 ಎಂಬ ಪ್ರೋಟೀನ್‌ಗಳು. ಒಳಪೊರೆಗಳನ್ನು ಬೆಸೆಯುವುದು ಓಪಿಎ1 ಎಂಬ ಪ್ರೋಟೀನ್. ಬೆರೆತಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದರೆ ಪೂರ್ತಿ ಹಾಳಾದದ್ದನ್ನು ಕೋಶ ಬೆರೆಯಲು ಬಿಡುವುದಿಲ್ಲ. ಪಾರ್ಕಿನ್ ಎಂಬ ಇನ್ನೊಂದು ಪ್ರೋಟೀನ್ ಅದರ ಮೈಟೊಫ್ಯೂಸಿನ್‌ಗೆ ಗುರುತು ಹಾಕಿ ತೆಗೆಸಿಬಿಡುತ್ತದೆ. ಒಂಟಿಯಾದ ಆ ತುಂಡು ಆಮೇಲೆ ವಿಲೇವಾರಿಯಾಗುತ್ತದೆ. ಪಾರ್ಕಿನ್ ಜೀನ್ ಕೆಟ್ಟರೆ ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಕಾಯಿಲೆ ಬರಬಹುದು. ಹಾಗಾಗಿ ಬೆಸೆಯುವುದು ಜಾಸ್ತಿಯಾದಷ್ಟೂ ಒಳ್ಳೆಯದು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪುಡಿಯ ಮಾತಂತೂ ಬೇಡ. ತಿಂದ ಪ್ರೋಟೀನ್ ಹೊಟ್ಟೆ, ಕರುಳಿನಲ್ಲಿ ಚೂರುಚೂರಾಗುತ್ತದೆ. ಮೈಟೊಫ್ಯೂಸಿನನ್ನು ಪ್ರತಿ ಕೋಶವೂ ತಾನೇ ಮಾಡಿಕೊಳ್ಳಬೇಕು.

ಬೆಸೆಯುವ ಪ್ರೋಟೀನ್ ಕೆಟ್ಟರೆ ಮೊದಲು ಏಟು ಬೀಳುವುದು ನರಗಳಿಗೆ. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ನರದ ಎಳೆ ಸುಮಾರು 1 ಮೀಟರ್ ಉದ್ದ. ಅಷ್ಟು ದೂರಕ್ಕೂ ಮೈಟೊಕಾಂಡ್ರಿಯ ಸಾಗಬೇಕು. ಮೈಟೊಫ್ಯೂಸಿನ್ 2ರ ಜೀನಿನಲ್ಲಿ ದೋಷವಿದ್ದರೆ ಶಾರ್ಕೋ-ಮೇರಿ-ಟೂತ್ ಕಾಯಿಲೆಯ 2ಎ ಎಂಬ ಬಗೆ ಬರುತ್ತದೆ. ಪಾದ ಎತ್ತಲು ಕಷ್ಟ, ನಡೆಯುವಾಗ ಎಡವುವುದು, ಮೊಣಕಾಲಿನ ಕೆಳಗೆ ಮಾಂಸ ಕರಗುವುದು. ಈ 'ಟೂತ್' ಹಲ್ಲಲ್ಲ. 1886ರಲ್ಲಿ ಇದನ್ನು ವಿವರಿಸಿದ ಮೂವರಲ್ಲಿ ಒಬ್ಬರಾದ ಇಂಗ್ಲೆಂಡಿನ ವೈದ್ಯರ ಹೆಸರು. ಓಪಿಎ1 ಕೆಟ್ಟರೆ ಕಣ್ಣಿನ ನರ ಸೊರಗಿ, ಹೆಚ್ಚಾಗಿ ಚಿಕ್ಕಂದಿನಲ್ಲೇ ದೃಷ್ಟಿ ಮೆಲ್ಲ ಮಂಜಾಗುತ್ತದೆ.

ಇನ್ನೊಂದು ಮಾತು ಹೇಳದೆ ಬಿಡಲಾರೆ. 'ಮೈಟೊಕಾಂಡ್ರಿಯದ ಕಾಯಿಲೆ ತಾಯಿಯಿಂದ ಬರುವುದು' ಎಂದು ಅರ್ಧ ಓದಿದವರು ಹೇಳುತ್ತಾರೆ. ಮನೆಯಲ್ಲಿ ಆ ಮಾತು ಅಮ್ಮನ ತಲೆಗೆ ಬೀಳುತ್ತದೆ. ಮೈಟೊಕಾಂಡ್ರಿಯದ ಒಳಗಿನ ಸ್ವಂತ ಡಿಎನ್‌ಎ ತಾಯಿಯಿಂದ ಬರುವುದು ನಿಜ. ಆದರೆ ಅದರಲ್ಲಿರುವುದು ಬರೇ 37 ಜೀನ್. ಮೈಟೊಫ್ಯೂಸಿನ್ ಆಗಲಿ ಓಪಿಎ1 ಆಗಲಿ ಆ ಪಟ್ಟಿಯಲ್ಲಿ ಇಲ್ಲ. ಮೈಟೊಫ್ಯೂಸಿನ್ 2ರ ಜೀನ್ ಇರುವುದು 1ನೇ ಕ್ರೋಮೋಸೋಮಿನಲ್ಲಿ, ಓಪಿಎ1 ಇರುವುದು 3ನೆಯದರಲ್ಲಿ. ಈ ಕ್ರೋಮೋಸೋಮುಗಳು ಅಪ್ಪ, ಅಮ್ಮ ಇಬ್ಬರಿಂದಲೂ ಬರುತ್ತವೆ. ಹಾಗಾಗಿ ಈ ದೋಷ ಅಪ್ಪನಿಂದಲೂ ಅಷ್ಟೇ ಸಲೀಸಾಗಿ ಬರಬಹುದು. ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟಿಕೊಳ್ಳುವುದೂ ಉಂಟು.