ಟಿ.ಬಿ. ಔಷಧಿಗೆ ಬಗ್ಗದ ಎದೆನೀರು: ಮೆಸೊಥೆಲಿಯೋಮಾ ಬೆಳಕಿಗೆ ಬಂದ ಬಗೆ

ಕಿಂಬರ್ಲಿ ಅಂದ ತಕ್ಷಣ ನೆನಪಾಗುವುದು ದಕ್ಷಿಣ ಆಫ್ರಿಕಾದ ವಜ್ರದ ಗಣಿ. 1950ರ ದಶಕದಲ್ಲಿ ಆ ಊರಲ್ಲಿ ಒಂದು ಟಿ.ಬಿ. ಆಸ್ಪತ್ರೆಯೂ ಇತ್ತು. ಅದರ ಉಸ್ತುವಾರಿ ಡಾ. ಸ್ಲೆಗ್ಸ್ ಅವರದು. ಎದೆಯಲ್ಲಿ ನೀರು ತುಂಬಿಕೊಂಡು ಬಂದವರಿಗೆ ಟಿ.ಬಿ. ಎಂದೇ ಔಷಧಿ ಕೊಡುತ್ತಿದ್ದರು. ಆದರೆ ಸ್ಲೆಗ್ಸ್ ಒಂದು ವಿಚಿತ್ರ ಗಮನಿಸಿದರು. ಊರಿನ ಪೂರ್ವ ಭಾಗದಿಂದ ಬಂದವರು ಗುಣವಾಗಿ ಮನೆಗೆ ಹೋಗುತ್ತಿದ್ದರು. ಪಶ್ಚಿಮದ ಕಡೆಯಿಂದ ಬಂದ ಕೆಲವರಿಗೆ ಮಾತ್ರ ಔಷಧಿ ಹಿಡಿಯುತ್ತಲೇ ಇರಲಿಲ್ಲ.

ಪಶ್ಚಿಮದಲ್ಲಿ ಇದ್ದದ್ದು ನೀಲಿ ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್‌ನ ಗಣಿಗಳು.

1956ರಲ್ಲಿ ಜೊಹಾನ್ಸ್‌ಬರ್ಗ್‌ನ ರೋಗಶಾಸ್ತ್ರಜ್ಞ ಕ್ರಿಸ್ ವ್ಯಾಗ್ನರ್ ಒಬ್ಬ ಗಣಿ ಕಾರ್ಮಿಕನ ಶವಪರೀಕ್ಷೆ ಮಾಡಿದರು. ಟಿ.ಬಿ.ಯಿಂದ ಸತ್ತಿರಬಹುದು ಎಂಬ ಅನುಮಾನ ಇತ್ತು. ಸಿಕ್ಕಿದ್ದು ಶ್ವಾಸಕೋಶದ ಸುತ್ತಲಿನ ಪೊರೆಯಲ್ಲಿ ದಪ್ಪಗೆ ಹಬ್ಬಿದ ಗಡ್ಡೆ. ಈ ಪೊರೆಯ ಕ್ಯಾನ್ಸರಿನ ಹೆಸರೇ ಮೆಸೊಥೆಲಿಯೋಮಾ. ವ್ಯಾಗ್ನರ್, ಸ್ಲೆಗ್ಸ್ ಮತ್ತು ಎದೆಯ ಶಸ್ತ್ರವೈದ್ಯ ಮಾರ್ಚಂಡ್ ಮೂವರೂ ಸೇರಿ ಇಂಥ ರೋಗಿಗಳ ಹಿಂದಿನ ಜೀವನ ಕೆದಕುತ್ತಾ ಹೋದರು. ಎಲ್ಲಿ ಹುಟ್ಟಿದ್ದು, ಎಲ್ಲಿ ಆಡಿದ್ದು, ಅಪ್ಪ ಏನು ಕೆಲಸ ಮಾಡುತ್ತಿದ್ದ, ಎಲ್ಲವನ್ನೂ ಕೇಳಿದರು. 1960ರಲ್ಲಿ 33 ರೋಗಿಗಳ ವಿವರ ಪ್ರಕಟವಾಯಿತು. ಒಬ್ಬರನ್ನು ಬಿಟ್ಟು ಉಳಿದ ಎಲ್ಲರಿಗೂ ಕಲ್ನಾರಿನ ನಂಟು ಇತ್ತು. ಅವರಲ್ಲಿ ಹಲವರು ಗಣಿಯೊಳಗೆ ಕಾಲಿಟ್ಟವರೇ ಅಲ್ಲ. ಬಾಲ್ಯದಲ್ಲಿ ಗಣಿಯ ಹತ್ತಿರ ಬದುಕಿದ್ದವರು, ಅಷ್ಟೇ.

ಈ ರೋಗದ ಚರಿತ್ರೆ ಓದುವಾಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆ ಪ್ರಶ್ನೆಗಳೇ. ಅವನ್ನು ಯಾರೂ ಕೇಳದಿದ್ದರೆ ಆ 33 ಜನರೂ ಟಿ.ಬಿ. ಲೆಕ್ಕಕ್ಕೋ ಇನ್ನಾವುದೋ ಕ್ಯಾನ್ಸರ್ ಲೆಕ್ಕಕ್ಕೋ ಸೇರಿಹೋಗುತ್ತಿದ್ದರು.

ಕಲ್ನಾರು ಕಲ್ಲೇ, ಆದರೆ ನಾರು ನಾರಾಗಿ ಬಿಡಿಸಿಕೊಳ್ಳುವ ಕಲ್ಲು. ಬೆಂಕಿ ಹಿಡಿಯಲ್ಲ, ಕೊಳೆಯಲ್ಲ, ಬೆಲೆಯೂ ಕಡಿಮೆ. ಬಾಯ್ಲರ್ ಸುತ್ತ, ಹಡಗಿನ ಒಳಗೆ, ಬ್ರೇಕ್ ಲೈನಿಂಗಿನಲ್ಲಿ, ಚಾವಣಿ ಶೀಟಿನಲ್ಲಿ ಎಲ್ಲೆಡೆ ಸೇರಿಕೊಂಡಿತು. ಅದನ್ನು ಕೊಯ್ದಾಗ, ಉಜ್ಜಿದಾಗ ಏಳುವ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣ. ಉಸಿರಿನ ಜೊತೆ ಒಳಗೆ ಹೋದ ಉದ್ದನೆ ಎಳೆಗಳನ್ನು ನಮ್ಮ ರಕ್ಷಕ ಕೋಶಗಳು ಪೂರ್ತಿ ನುಂಗಲಾರವು. ಕೆಲವು ಎಳೆಗಳು ಶ್ವಾಸಕೋಶ ದಾಟಿ ಅದನ್ನು ಸುತ್ತಿದ ತೆಳು ಪೊರೆಯನ್ನು ಸೇರುತ್ತವೆ. ಅಲ್ಲಿ ವರ್ಷಗಟ್ಟಲೆ ಉರಿಯೂತ. ಪೊರೆಯ ಕೋಶಗಳ ಡಿಎನ್‌ಎ ಕೆಡುತ್ತಾ ಹೋಗಿ, 20ರಿಂದ 50 ವರ್ಷದ ನಂತರ ಕ್ಯಾನ್ಸರ್ ಕಾಣಿಸಬಹುದು. ಹೊಟ್ಟೆಯೊಳಗಿನ ಪೊರೆಗೂ ಇದು ಬರುತ್ತದೆ, ಆದರೆ ಕಡಿಮೆ. ಬೀಡಿ ಸಿಗರೇಟಿಗೂ ಈ ರೋಗಕ್ಕೂ ಸಂಬಂಧವಿಲ್ಲ. ಹಾಗಂತ ಕಲ್ನಾರಿನ ದೂಳು ಕುಡಿದವರು ಸೇದಬಹುದು ಅಂತಲ್ಲ. ಅವೆರಡೂ ಸೇರಿದರೆ ಶ್ವಾಸಕೋಶದ ಮಾಮೂಲಿ ಕ್ಯಾನ್ಸರಿನ ಅಪಾಯ ತುಂಬಾ ಜಾಸ್ತಿಯಾಗುತ್ತದೆ.

ಈ 20–50 ವರ್ಷದ ಅಂತರವೇ ಕಂಪನಿಗಳಿಗೆ ವರವಾಯಿತು. ದೂಳು ಕೆಟ್ಟದ್ದು ಅಂತ ಗೊತ್ತಿರಲಿಲ್ಲ ಅನ್ನುವುದು ಸುಳ್ಳು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಶಾ 1924ರಲ್ಲಿ ತೀರಿಕೊಂಡಾಗ ವಯಸ್ಸು 33. ಅವರ ಶ್ವಾಸಕೋಶ ಗಟ್ಟಿಯಾಗಿದ್ದನ್ನು ಡಾ. ಕುಕ್ ವೈದ್ಯಕೀಯ ಪತ್ರಿಕೆಯಲ್ಲೇ ಬರೆದರು. 1930ರಲ್ಲಿ ಸರ್ಕಾರಿ ವರದಿ, 1931ರಲ್ಲಿ ದೂಳು ನಿಯಂತ್ರಣದ ನಿಯಮವೂ ಬಂತು. ಆ ನಿಯಮದ ಕಣ್ಣು ಇದ್ದದ್ದು ಕಾರ್ಖಾನೆಯೊಳಗಿನ ದಟ್ಟ ದೂಳಿನ ಮೇಲೆ. ಕಾರ್ಮಿಕನ ಅಂಗಿಗೆ ಅಂಟಿಕೊಂಡು ಮನೆಗೆ ಹೋಗುವ ದೂಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಲೆಕ್ಕ ಸಿಕ್ಕಿದ್ದು 1965ರಲ್ಲಿ. ಲಂಡನ್ನಿನ ಒಂದು ಆಸ್ಪತ್ರೆಯ 76 ರೋಗಿಗಳ ಪೂರ್ವಾಪರವನ್ನು ನ್ಯೂಹೌಸ್ ಮತ್ತು ಥಾಂಪ್ಸನ್ ಎಂಬ ಸಂಶೋಧಕರು ಕಲೆಹಾಕಿದರು. 31 ಜನ ಕಲ್ನಾರಿನ ಕೆಲಸ ಮಾಡಿದ್ದವರು. 9 ಜನರ ಮನೆಯಲ್ಲಿ ಬೇರೆ ಯಾರೋ ಆ ಕೆಲಸಕ್ಕೆ ಹೋಗುತ್ತಿದ್ದರು. ಇಂಥ ಮನೆಗಳಲ್ಲಿ ಹೆಚ್ಚಾಗಿ ಗಂಡನ ಕೆಲಸದ ಬಟ್ಟೆ ಒಗೆದ ಹೆಂಡತಿಯೇ ರೋಗಿ. ಈ ಎರಡೂ ಇಲ್ಲದ 36 ಜನರಲ್ಲಿ 11 ಮಂದಿ ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಿದ್ದವರು.

ಆಮೇಲೆ ಊರಿಗೆ ಊರೇ ರೋಗಕ್ಕೆ ತುತ್ತಾದ ಕಥೆಗಳು ಬಂದವು. ಪಶ್ಚಿಮ ಆಸ್ಟ್ರೇಲಿಯಾದ ವಿಟನೂಮ್‌ನಲ್ಲಿ 1966ರವರೆಗೆ ನೀಲಿ ಕಲ್ನಾರು ತೆಗೆದರು. ಗಣಿ ತ್ಯಾಜ್ಯವನ್ನೇ ರಸ್ತೆಗೂ ಶಾಲೆಯ ಮೈದಾನಕ್ಕೂ ಹರಡಿದ್ದರು. ಈಗ ಆ ಊರಿನ ಹೆಸರನ್ನೇ ಸರ್ಕಾರ ಅಧಿಕೃತವಾಗಿ ತೆಗೆದುಹಾಕಿದೆ. ಇಟಲಿಯ ಕಸಾಲೆ ಮೊನ್ಫೆರಾಟೊದಲ್ಲಿ ಸಿಮೆಂಟ್ ಶೀಟ್ ಕಾರ್ಖಾನೆಯ ಪುಡಿಯನ್ನು ಜನ ಮನೆಯಂಗಳಕ್ಕೂ ಅಟ್ಟಕ್ಕೂ ಹಾಕಿಸಿಕೊಂಡಿದ್ದರು. 2012ರಲ್ಲಿ ಮಾಲೀಕರಿಗೆ ಶಿಕ್ಷೆಯಾಯಿತು. 2014ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಕಾರಣ? ಅಪರಾಧದ ಕಾಲಮಿತಿ ಮುಗಿದಿದೆಯಂತೆ. ಹೊರಬರಲು 40 ವರ್ಷ ತೆಗೆದುಕೊಳ್ಳುವ ರೋಗಕ್ಕೆ ಕಾಲಮಿತಿಯ ಲೆಕ್ಕ! ಜಪಾನಿನ ಅಮಾಗಸಾಕಿಯಲ್ಲಿ 2005ರಲ್ಲಿ ಕಾರ್ಖಾನೆಯ ಅಕ್ಕಪಕ್ಕದ ನಿವಾಸಿಗಳ ಸಾವು ಸುದ್ದಿಯಾಯಿತು. ಮರುವರ್ಷವೇ ಅಲ್ಲಿ ಸಂತ್ರಸ್ತರ ಪರಿಹಾರಕ್ಕೆ ಕಾನೂನು ಬಂತು.

ನಮ್ಮ ಕಥೆ ಬೇರೆ ಥರ. ಕಲ್ನಾರಿನ ಗಣಿಗಾರಿಕೆಗೆ ಹೊಸ ಪರವಾನಗಿ ಕೊಡುವುದನ್ನು ಭಾರತ 1986ರಲ್ಲಿ ನಿಲ್ಲಿಸಿತು. ಆದರೆ ಆಮದು ನಿಲ್ಲಲಿಲ್ಲ. ರಷ್ಯಾ, ಕಜಾಕಸ್ತಾನ, ಬ್ರೆಜಿಲ್‌ಗಳಿಂದ ವರ್ಷಕ್ಕೆ 3 ಲಕ್ಷ ಟನ್ನಿಗೂ ಹೆಚ್ಚು ಬಿಳಿ ಕಲ್ನಾರು ಇಲ್ಲಿಗೆ ಬಂದಿಳಿಯುತ್ತದೆ. ಜಗತ್ತಿನಲ್ಲಿ ಇಷ್ಟು ಕೊಳ್ಳುವವರು ಬೇರೆ ಯಾರೂ ಇಲ್ಲ. ಬ್ರೆಜಿಲ್‌ನ ಸುಪ್ರೀಂ ಕೋರ್ಟು 2017ರಲ್ಲಿ ತನ್ನ ದೇಶದೊಳಗೆ ನಿಷೇಧಿಸಿದ ಮೇಲೂ ಅಲ್ಲಿಂದ ರಫ್ತು ನಡೆದೇ ಇದೆ. ಬಂದದ್ದರ ಬಹುಪಾಲು ಸಿಮೆಂಟ್ ಶೀಟಿಗೆ ಹೋಗುತ್ತದೆ. ಬಡಾವಣೆ ಅಂಚಿನ ಶೀಟ್ ಮನೆ, ಕೋಳಿ ಫಾರಂ, ದನದ ಕೊಟ್ಟಿಗೆ, ಗೋಡೌನ್, ಎಲ್ಲದರ ಮೇಲೂ ಅದೇ ಬೂದು ಬಣ್ಣದ ಅಲೆಅಲೆ ಶೀಟು.

ನೀಲಿಗಿಂತ ಬಿಳಿ ಕಲ್ನಾರಿನ ಅಪಾಯ ಕಡಿಮೆ, ಸಿಮೆಂಟಿನಲ್ಲಿ ಎಳೆ ಕಚ್ಚಿಕೊಂಡಿರುತ್ತದೆ ಅನ್ನುವುದು ಉದ್ಯಮದ ವಾದ. ಮೆಸೊಥೆಲಿಯೋಮಾದ ಮಟ್ಟಿಗೆ ಮೊದಲ ಮಾತಿನಲ್ಲಿ ಸತ್ಯ ಇದೆ. ಆದರೆ ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಬಿಳಿಯೂ ಸೇರಿ ಎಲ್ಲ ಬಗೆಯ ಕಲ್ನಾರು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಇನ್ನು ಸಿಮೆಂಟಿನ ವಾದ, ಶೀಟು ಇಡಿಯಾಗಿರುವವರೆಗೆ ಮಾತ್ರ. ಕಟಿಂಗ್ ಮಿಷನ್ ಹಿಡಿದು ಮಾಸ್ಕ್ ಇಲ್ಲದೆ ಶೀಟು ಕೊಯ್ಯುವ ಹುಡುಗನ ಮುಂದೆ ಆ ವಾದ ನಿಲ್ಲುತ್ತದೆಯೇ? ಶೀಟ್ ಮನೆಯಲ್ಲಿ ಇರುವವರು ಸುಮ್ನೆ ಗಾಬರಿಯಾಗಬೇಕಿಲ್ಲ. ಗಟ್ಟಿಯಾಗಿರುವ ಶೀಟನ್ನು ಕೆದಕದೆ ಬಿಡಿ. ಒಡೆದ ಶೀಟನ್ನು ನೀರು ಹಾಕಿ ನೆನೆಸಿ, ಇಡಿಯಾಗಿಯೇ ಇಳಿಸಿ. ಚೂರುಗಳನ್ನು ಒಣಗಿದ ಹಾಗೇ ಗುಡಿಸಬೇಡಿ.

"ಭಾರತದಲ್ಲಿ ಅಷ್ಟೊಂದು ಕೇಸ್ ಎಲ್ಲಿವೆ?" ಅನ್ನುವುದು ಇನ್ನೊಂದು ವಾದ. ನನಗೆ ಇದು ಕಿಂಬರ್ಲಿಯ ಕಥೆಯನ್ನೇ ತಿರುಗಾ ಕೇಳಿದ ಹಾಗಿದೆ. ನಮ್ಮಲ್ಲಿ ಎದೆಯಲ್ಲಿ ನೀರು ಕಂಡರೆ ಮೊದಲ ಅನುಮಾನ ಟಿ.ಬಿ. ಅದು ತಪ್ಪೂ ಅಲ್ಲ, ಹೆಚ್ಚಿನವರಿಗೆ ಇರುವುದು ಅದೇ. ಆದರೆ ಉಳಿದವರಿಗೆ "30 ವರ್ಷದ ಹಿಂದೆ ಎಲ್ಲಿ ಕೆಲಸ ಮಾಡುತ್ತಿದ್ದಿರಿ?" ಅಂತ ಕೇಳುವವರು ಬೇಕಲ್ವಾ? ದಿನಗೂಲಿಯವರ ಕೆಲಸಕ್ಕೆ ದಾಖಲೆ ಇಲ್ಲ. ಕಾರ್ಖಾನೆ ಮುಚ್ಚಿರುತ್ತದೆ, ಕಾರ್ಮಿಕ ಊರಿಗೆ ಮರಳಿರುತ್ತಾನೆ. ಎಣಿಸದೇ ಇದ್ದದ್ದನ್ನು ಇಲ್ಲ ಅನ್ನುವುದು ಸುಲಭ.

ಇದನ್ನು ನಮ್ಮ ಸುಪ್ರೀಂ ಕೋರ್ಟು 1995ರಲ್ಲೇ ಗುರುತಿಸಿತ್ತು. ಅಹಮದಾಬಾದಿನ ಒಂದು ಗ್ರಾಹಕ ಸಂಸ್ಥೆ ಹೂಡಿದ ಮೊಕದ್ದಮೆ ಅದು. ಕಲ್ನಾರಿನ ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ ಅಥವಾ ನಿವೃತ್ತಿಯಾಗಿ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಎಂದು ತೀರ್ಪು ಹೇಳಿತು. ರೋಗ ಖಚಿತವಾದವರಿಗೆ 1 ಲಕ್ಷ ರೂಪಾಯಿ ಪರಿಹಾರವನ್ನೂ ಗೊತ್ತುಮಾಡಿತು. ಒಳ್ಳೆಯ ತೀರ್ಪು. ಆದರೆ ಶೀಟು ಹೊತ್ತವರು, ಹೊದಿಸಿದವರು, ಒಡೆದವರು ಯಾವ ಕಾರ್ಖಾನೆಯ ಪುಸ್ತಕದಲ್ಲೂ ಇಲ್ಲ.

ರೋಗ ಬಂದವರ ಪಾಡು ಏನು? ಶುರುವಾಗುವುದು ಮೆಟ್ಟಿಲು ಹತ್ತುವಾಗ ದಮ್ಮು, ಒಂದು ಪಕ್ಕೆಯಲ್ಲಿ ನೋವು, ತೂಕ ಇಳಿಯುವುದು ಇಂಥದ್ದರಿಂದ. ತೆಗೆದ ನೀರು ಮತ್ತೆ ಮತ್ತೆ ತುಂಬುತ್ತದೆ. ನೀರಿನ ಪರೀಕ್ಷೆಯೊಂದರಿಂದಲೇ ಹಲವು ಸಲ ರೋಗ ಗೊತ್ತಾಗುವುದಿಲ್ಲ. ಪಕ್ಕೆಯಲ್ಲಿ ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ ಪೊರೆಯ ಚೂರು ತೆಗೆದು ಬಯಾಪ್ಸಿ ಮಾಡಬೇಕಾಗುತ್ತದೆ.

ಪೂರ್ತಿ ಗುಣಪಡಿಸುವ ಚಿಕಿತ್ಸೆ ಬಹುಪಾಲು ರೋಗಿಗಳಿಗೆ ಇಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿಯ ಜೊತೆ ಪೆಮೆಟ್ರೆಕ್ಸೆಡ್ ಎಂಬ ಇನ್ನೊಂದನ್ನು ಕೊಟ್ಟಾಗ ಬದುಕಿನ ಮಧ್ಯಮಾಂಕ 9 ತಿಂಗಳಿಂದ 12ಕ್ಕೆ ಏರಿದ್ದು 2003ರ ಸುದ್ದಿ. 2020ರಲ್ಲಿ ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಎಂಬ ಇಮ್ಯುನೊಥೆರಪಿ (ದೇಹದ ರಕ್ಷಣಾ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಔಷಧಿ) ಜೋಡಿಯಿಂದ ಅದು 18 ತಿಂಗಳಾಯಿತು. ಈ ಜೋಡಿಯ ಬೆಲೆ ನಮ್ಮ ಕಟ್ಟಡ ಕಾರ್ಮಿಕರ ಕೈಗೆಟುಕುವಂಥದ್ದಲ್ಲ. ಪೊರೆಯನ್ನೇ ಸುಲಿದು ತೆಗೆಯುವ ದೊಡ್ಡ ಆಪರೇಷನ್ ಬಗ್ಗೆ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯಂತೂ, ಕೀಮೋ ಮಾತ್ರ ಪಡೆದವರಿಗಿಂತ ಆಪರೇಷನ್ ಕೂಡ ಆದವರಿಗೇ ತೊಂದರೆ ಜಾಸ್ತಿ ಎಂದು ತೋರಿಸಿತು.

ಮಧ್ಯಮಾಂಕ ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು ಅಂತ. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್‌ಗೆ 1982ರಲ್ಲಿ ಹೊಟ್ಟೆಯ ಮೆಸೊಥೆಲಿಯೋಮಾ ಪತ್ತೆಯಾದಾಗ ಪುಸ್ತಕಗಳಲ್ಲಿದ್ದ ಮಧ್ಯಮಾಂಕ 8 ತಿಂಗಳು. ಅವರು 20 ವರ್ಷ ಬದುಕಿದರು, ತೀರಿಕೊಂಡಿದ್ದು ಬೇರೆ ಕ್ಯಾನ್ಸರಿನಿಂದ. ಎಲ್ಲರಿಗೂ ಹಾಗಾಗುವುದಿಲ್ಲ, ನಿಜ. ಆದರೂ ಡಾಕ್ಟರ್ ಹೇಳುವ ತಿಂಗಳ ಲೆಕ್ಕವನ್ನು ವಾಯಿದೆ ಅಂತ ತಿಳಿಯಬಾರದು.

ದಿನದ ಬದುಕು ಹಗುರವಾಗಲು ನೀರು ನಿಭಾಯಿಸುವುದೇ ಮುಖ್ಯ. ನೀರು ತುಂಬಲು ಜಾಗ ಉಳಿಯದಂತೆ, ಟಾಲ್ಕ್ ಪುಡಿ ಹಾಕಿ ಶ್ವಾಸಕೋಶದ ಮತ್ತು ಎದೆಗೋಡೆಯ ಪೊರೆಗಳೆರಡನ್ನೂ ಅಂಟಿಸುತ್ತಾರೆ. ಇಲ್ಲವೇ ಸಣ್ಣ ಕೊಳವೆ ಇಟ್ಟು ಮನೆಯಲ್ಲೇ ನೀರು ತೆಗೆಯಲು ಕಲಿಸುತ್ತಾರೆ. ನೋವಿಗೆ ಮಾರ್ಫಿನ್ ಕೊಡಿಸಲು ಹಿಂಜರಿಯುವ ಮನೆಗಳೇ ಜಾಸ್ತಿ. ಸರಿಯಾದ ಪ್ರಮಾಣದಲ್ಲಿ ಅದು ನೋವಿನ ಜೊತೆ ದಮ್ಮನ್ನೂ ತಗ್ಗಿಸುತ್ತದೆ. ಮುಖಕ್ಕೆ ಹಿಡಿದ ಪುಟ್ಟ ಫ್ಯಾನ್ ಕೂಡ ಉಸಿರಿಗೆ ಸ್ವಲ್ಪ ನೆಮ್ಮದಿ ಕೊಡುತ್ತದೆ. ನೋವು, ದಮ್ಮು ತಗ್ಗಿಸಿ ನೆಮ್ಮದಿ ಕೊಡುವ ಉಪಶಾಮಕ ಚಿಕಿತ್ಸೆಯ ತಂಡವನ್ನು ಕೊನೆಗೆ ನೋಡೋಣ ಅನ್ನದೆ ಮೊದಲೇ ಕಾಣುವುದು ಒಳ್ಳೆಯದು.

ಜೊತೆಗೆ, ಮಾಡಿದ ಕೆಲಸಗಳ ಪಟ್ಟಿಯನ್ನು ಕೇಸ್ ಶೀಟಿನಲ್ಲಿ ಬರೆಸಿ. ಯಾವ ಊರು, ಎಷ್ಟು ವರ್ಷ, ಏನು ಕೆಲಸ, ಎಲ್ಲವೂ ಇರಲಿ. ನಮ್ಮ ಕಾರ್ಮಿಕ ಪರಿಹಾರ ಕಾನೂನಿನ ವೃತ್ತಿರೋಗಗಳ ಪಟ್ಟಿಯಲ್ಲಿ ಆಸ್ಬೆಸ್ಟಾಸ್‌ನಿಂದ ಬರುವ ಮೆಸೊಥೆಲಿಯೋಮಾದ ಹೆಸರಿದೆ. ಆ ದಾರಿ ಹಿಡಿಯಲು ಹಳೆಯ ಇಎಸ್‌ಐ ಕಾರ್ಡು, ಪಿಎಫ್ ಚೀಟಿ, ಸಂಬಳದ ರಸೀದಿ ಯಾವುದಿದ್ದರೂ ಬಿಸಾಡಬೇಡಿ. ಅದೂ ಇಲ್ಲದಿದ್ದರೆ ಜೊತೆಗೆ ದುಡಿದವರು ಇನ್ನೂ ಇದ್ದಾರಾ ನೋಡಿ, ಅವರಿಂದ ಹೇಳಿಕೆ ಬರೆಸಿಟ್ಟುಕೊಳ್ಳಿ.